ಮುಳುಗಿದ ಹಡಗಿನ ಟೋಪಿಪಟ್ಟಿ: ಎಚ್‌ಎಂಎಸ್ ಹುಡ್ ಸಮವಸ್ತ್ರ ಸಂಗ್ರಹಿಸುವವರಿಗೊಂದು ಮಾರ್ಗದರ್ಶಿ

1941ರ ಮೇ 24ರ ಬೆಳಿಗ್ಗೆ ಆರರ ಹೊತ್ತಿಗೆ, ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯಲ್ಲಿ, ಬ್ರಿಟನ್ನಿನ ಸಮರನೌಕೆ ಹುಡ್ ಜರ್ಮನಿಯ ಬಿಸ್ಮಾರ್ಕ್‌ನ ಹೊಡೆತಕ್ಕೆ ಸಿಡಿದು ಮುಳುಗಿತು. ಹಡಗಿನಲ್ಲಿದ್ದವರು 1,418 ಮಂದಿ. ಬದುಕಿ ಬಂದವರು ಮೂವರೇ. ಆ ಮೂವರೂ ಉಟ್ಟ ಬಟ್ಟೆಯಲ್ಲೇ ತಣ್ಣೀರಿಗೆ ಬಿದ್ದವರು, ಪೆಟ್ಟಿಗೆ ಹೊತ್ತು ಇಳಿದವರಲ್ಲ.

ಹಾಗಿದ್ದರೆ ಹರಾಜಿನಲ್ಲಿ, ಹಳೇ ಸಾಮಾನಿನ ಸಂತೆಯಲ್ಲಿ, ಆನ್‌ಲೈನ್ ಮಾರಾಟದಲ್ಲಿ ಕಾಣಸಿಗುವ ‘ಹುಡ್’ ಸಮವಸ್ತ್ರಗಳೆಲ್ಲ ಎಲ್ಲಿಂದ ಬಂದವು? ಸಮುದ್ರದಿಂದಂತೂ ಅಲ್ಲ. 1920ರ ಮೇ ತಿಂಗಳಲ್ಲಿ ಸೇವೆಗೆ ಸೇರಿದ ಈ ಹಡಗಿನಲ್ಲಿ ಎರಡು-ಎರಡೂವರೆ ವರ್ಷಕ್ಕೊಮ್ಮೆ ಸಿಬ್ಬಂದಿ ಬದಲಾಗುತ್ತಿದ್ದರು. ಹೀಗೆ 21 ವರ್ಷಗಳಲ್ಲಿ ಸಾವಿರಾರು ಜನ ಇದರಲ್ಲಿ ದುಡಿದು, ಇಳಿದು, ಬೇರೆ ಹಡಗಿಗೋ ಮನೆಗೋ ಹೋದರು. ಅವರ ಟ್ರಂಕಿನಲ್ಲಿ ಉಳಿದದ್ದೇ ಇವತ್ತು ನಮ್ಮ ಕೈಗೆ ಬರುವುದು. ಈ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ. ಮುಳುಗಿದ ಹಡಗಿನ ಬಟ್ಟೆ ಎಂದರೆ ಹಡಗಿನಿಂದ ಇಳಿದ ಮನುಷ್ಯನ ಬಟ್ಟೆ. ಆ ಮನುಷ್ಯ ಯಾರು ಎಂದು ಗೊತ್ತಾಗದಿದ್ದರೆ ನಿಮ್ಮ ಕೈಯಲ್ಲಿರುವುದು ಬರೀ ಹಳೇ ಬಟ್ಟೆ.

ಕೊಳ್ಳುವ ಮೊದಲು: ಯಾವುದನ್ನು ಮುಟ್ಟಲೇಬಾರದು

ಹುಡ್‌ನ ಅವಶೇಷ 2001ರ ಜುಲೈಯಲ್ಲಿ ಸುಮಾರು 2,800 ಮೀಟರ್ ಆಳದಲ್ಲಿ ಪತ್ತೆಯಾಯಿತು. ಬ್ರಿಟನ್ನಿನ 1986ರ ಸೇನಾ ಅವಶೇಷ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಸ್ಥಳ, ಅಂದರೆ ಯುದ್ಧಸಮಾಧಿ. 2015ರಲ್ಲಿ ಹಡಗಿನ ಗಂಟೆಯನ್ನು ಮೇಲೆ ತಂದದ್ದು ಸರ್ಕಾರದ ಅನುಮತಿ ಪಡೆದು. ಅದೀಗ ಪೋರ್ಟ್ಸ್‌ಮತ್‌ನ ನೌಕಾಪಡೆ ವಸ್ತುಸಂಗ್ರಹಾಲಯದಲ್ಲಿದೆ. ಆದ್ದರಿಂದ ‘ಹುಡ್‌ನ ಅವಶೇಷದಿಂದ ಸಿಕ್ಕ ಗುಂಡಿ’ ಎಂದು ಯಾರಾದರೂ ಹೇಳಿದರೆ ಒಂದೋ ಅದು ಸುಳ್ಳು, ಇಲ್ಲವೋ ಕಳ್ಳಮಾಲು. ಎರಡರಲ್ಲಿ ಯಾವುದಾದರೂ ನಿಮಗೆ ಬೇಡ.

ಆಳ ಕಡಿಮೆ ಇರುವ ಕಡೆ ಮುಳುಗಿದ ಹಡಗುಗಳ ಪಾಡು ಇನ್ನೂ ಕೆಟ್ಟದು. ಜಾವಾ ಸಮುದ್ರದಲ್ಲಿ 1942ರಲ್ಲಿ ಮುಳುಗಿದ ಡಚ್ ಮತ್ತು ಬ್ರಿಟಿಷ್ ಹಡಗುಗಳ ಅವಶೇಷಗಳನ್ನು ಗುಜರಿಯವರು ಬಹುಪಾಲು ಎತ್ತಿಕೊಂಡು ಹೋಗಿದ್ದು 2016ರಲ್ಲಿ ಬೆಳಕಿಗೆ ಬಂತು. ಒಳಗಿದ್ದ ಮನುಷ್ಯರ ಮೂಳೆಗಳೂ ಗುಜರಿಯ ಜೊತೆ ಹೋದವು. ಸಮುದ್ರದಿಂದ ಬಂದ ಪದಾರ್ಥಕ್ಕೆ ಬೆಲೆ ಕೊಡುವ ಸಂಗ್ರಾಹಕ ಇರುವವರೆಗೂ ಈ ದಂಧೆ ನಿಲ್ಲದು. ಇನ್ನು ಯಾವುದೇ ಅವಶೇಷದ ವಸ್ತು ಬ್ರಿಟನ್ನಿಗೆ ಬಂದರೆ 28 ದಿನದೊಳಗೆ ಅಲ್ಲಿನ ‘ರಿಸೀವರ್ ಆಫ್ ರೆಕ್’ ಅಧಿಕಾರಿಗೆ ತಿಳಿಸಬೇಕು ಎಂಬುದು ಕಾನೂನು. ಮಾರುವವರನ್ನು ಆ ಕಾಗದ ಕೇಳಿ. ಇಲ್ಲ ಎಂದರೆ ಮಾತು ಮುಗಿಸಿ.

ಮೊದಲು ಕಾಗದ, ಆಮೇಲೆ ಬಟ್ಟೆ

ಹೊಸಬರು ನೇರವಾಗಿ ಟೋಪಿಪಟ್ಟಿಗೆ ಕೈ ಹಾಕುತ್ತಾರೆ, ಏಕೆಂದರೆ ಅದರ ಮೇಲೆ ಹಡಗಿನ ಹೆಸರಿರುತ್ತದೆ. ನಮ್ಮ ಸಲಹೆ ಬೇರೆ. ಮೊದಲು ಫೋಟೋ ಪೋಸ್ಟ್‌ಕಾರ್ಡುಗಳನ್ನು ಕೊಳ್ಳಿ. 1923ರ ನವೆಂಬರ್‌ನಿಂದ 1924ರ ಸೆಪ್ಟೆಂಬರ್‌ವರೆಗೆ ಹುಡ್ ಭೂಮಿ ಸುತ್ತಿ ಬಂತು. ಸಿಂಹಳದ ತ್ರಿಂಕೋಮಲಿಗೂ, ಸಿಂಗಾಪುರ, ಆಸ್ಟ್ರೇಲಿಯಾಗಳಿಗೂ ಹೋಗಿತ್ತು. ಹೋದಲ್ಲೆಲ್ಲ ಫೋಟೋ ತೆಗೆಸಿದ್ದಾರೆ, ಪೋಸ್ಟ್‌ಕಾರ್ಡ್ ಕಳಿಸಿದ್ದಾರೆ. ಇವು ಬಟ್ಟೆಗಿಂತ ಅಗ್ಗ, ನಕಲು ಕಡಿಮೆ. ಹತ್ತಿಪ್ಪತ್ತು ಚಿತ್ರಗಳನ್ನು ಎದುರಿಗಿಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂತರ, ಪಟ್ಟಿಯ ಗಂಟು ಎಲ್ಲಿ ಬರುತ್ತದೆ, ಕಾಲರ್ ಎಷ್ಟು ಅಗಲ, ತೋಳಿನ ಯಾವ ಕಡೆ ಯಾವ ಚಿಹ್ನೆ ಎಲ್ಲ ಕಣ್ಣಿಗೆ ಅಭ್ಯಾಸವಾಗುತ್ತದೆ. ಅಷ್ಟಾದ ಮೇಲೆ ಬಟ್ಟೆಯ ಕಡೆ ಹೊರಳಿ.

ನಾವಿಕನ ಹೆಸರು ಸಿಕ್ಕಿದರೆ ಅವನ ಸೇವಾ ದಾಖಲೆ ಹುಡುಕಬಹುದು. 1920ರ ದಶಕದ ಆರಂಭದವರೆಗೆ ಸೇರಿದ ಸಾಮಾನ್ಯ ನಾವಿಕರ ಲೆಡ್ಜರುಗಳು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎಡಿಎಂ 188 ಎಂಬ ಸರಣಿಯಲ್ಲಿವೆ. ಅಧಿಕಾರಿಗಳದ್ದು ಎಡಿಎಂ 196. ಆ ಪುಟದಲ್ಲಿ ಒಂದರ ಕೆಳಗೊಂದು ಹಡಗಿನ ಹೆಸರು, ಸೇರಿದ ದಿನ, ಬಿಟ್ಟ ದಿನ ಇರುತ್ತದೆ. ಓದುವಾಗ ಒಂದು ಎಚ್ಚರ ಬೇಕು. ‘ವಿಕ್ಟರಿ’ ಎಂದು ಕಂಡಾಗ ಬ್ರಿಟನ್ನಿನ ಹೆಸರಾಂತ ನೌಕಾಧಿಪತಿ ನೆಲ್ಸನ್ನನ ಹಡಗು ಎಂದು ಬೀಗಬೇಡಿ, ಅದು ಪೋರ್ಟ್ಸ್‌ಮತ್ ಬ್ಯಾರಕ್ಕಿನ ಹೆಸರು. ‘ವಿವಿಡ್’ ಎಂದರೆ ಡೆವನ್‌ಪೋರ್ಟ್ ಬ್ಯಾರಕ್ (1934ರಿಂದ ‘ಡ್ರೇಕ್’), ‘ಪೆಂಬ್ರೋಕ್’ ಎಂದರೆ ಚ್ಯಾಟಮ್. ಇವೆಲ್ಲ ದಡದ ಮೇಲಿನ ಠಿಕಾಣಿಗಳು. ನಿಮಗೆ ಬೇಕಾದದ್ದು ‘ಹುಡ್’ ಎಂಬ ಸಾಲು, ಅದರ ಎದುರಿನ ಎರಡು ತಾರೀಕು.

ಇನ್ನೊಂದು ಹೊಂಡ: ಹುಡ್ ಹೆಸರಿನ ಇನ್ನೊಂದು ಯುದ್ಧನೌಕೆ ಇತ್ತು. 1891ರಲ್ಲಿ ನೀರಿಗಿಳಿದು, 1914ರ ನವೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡ್ ಬಂದರಿನ ಬಾಯಿಗೆ ಅಡ್ಡವಾಗಿ ಬೇಕೆಂದೇ ಮುಳುಗಿಸಿದ ಹಡಗು ಅದು. ಅದರ ಪಟ್ಟಿಯಲ್ಲೂ ‘ಎಚ್.ಎಂ.ಎಸ್. ಹುಡ್’ ಎಂದೇ ಇರುತ್ತಿತ್ತು. ಮನುಷ್ಯನ ಹೆಸರಾಗಲಿ ಫೋಟೋ ಆಗಲಿ ಇಲ್ಲದೆ ಬರೀ ಪಟ್ಟಿ ಬಂದರೆ ಯಾವ ಹುಡ್ ಎಂದು ಹೇಳುವುದು ಕಷ್ಟ. ಮಾರುವವರು ಯಾವಾಗಲೂ ದೊಡ್ಡ ಹೆಸರಿನ ಹುಡ್ ಎಂದೇ ಹೇಳುತ್ತಾರೆ.

ಟೋಪಿಪಟ್ಟಿ: ಇದನ್ನು ಹತ್ತಿರದಿಂದ ನೋಡಿ

ಅತಿ ಹೆಚ್ಚು ಬೇಡಿಕೆ ಇದಕ್ಕೆ, ಅತಿ ಹೆಚ್ಚು ನಕಲೂ ಇದರದ್ದೇ. ‘ಕ್ಯಾಪ್ ಟ್ಯಾಲಿ’ ಎಂದು ಕರೆಯುವ ಇದು ಸುಮಾರು 3 ಸೆಂಟಿಮೀಟರ್ ಅಗಲದ, ಒಂದು ಮೀಟರಿನಷ್ಟು ಉದ್ದದ ಕಪ್ಪು ರೇಷ್ಮೆಯ ರಿಬ್ಬನ್. ನಡುವೆ ಹಡಗಿನ ಹೆಸರು ಚಿನ್ನದ ಬಣ್ಣದ ಲೋಹದ ದಾರದಲ್ಲಿ ನೇಯ್ದಿರುತ್ತದೆ. ಟೋಪಿಯ ಸುತ್ತ ಕಟ್ಟಿ, ಎಡಕಿವಿಯ ಮೇಲೆ ಬಿಲ್ಲಿನಂತೆ ಗಂಟು ಹಾಕುತ್ತಿದ್ದರು.

ಮೊದಲು ಯುದ್ಧಕಾಲದ ನಿಯಮ ತಿಳಿದಿರಲಿ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಗುಟ್ಟು ಕಾಯಲೆಂದು ಹಡಗಿನ ಹೆಸರಿನ ಪಟ್ಟಿಗಳನ್ನು ತೆಗೆಸಿ, ಬರೀ ‘ಎಚ್.ಎಂ.ಎಸ್.’ ಎಂದಿದ್ದ ಪಟ್ಟಿ ಕೊಟ್ಟರು. ಹಾಗಾಗಿ ‘ಹುಡ್’ ಹೆಸರಿನ ಪಟ್ಟಿ 1939ರ ಹಿಂದಿನದ್ದಾಗಿರಬೇಕು. ‘ಕೊನೆಯ ದಿನ ತಲೆಯ ಮೇಲಿದ್ದ ಹುಡ್ ಪಟ್ಟಿ’ ಎಂಬ ಕತೆ ಕೇಳಿದ ತಕ್ಷಣ ಜೇಬು ಮುಚ್ಚಿ. ವಿಚಿತ್ರವೆಂದರೆ, 1940ರಲ್ಲಿ ಹುಡ್‌ನಿಂದ ಇಳಿದ ನಾವಿಕನ ಕಾಗದಪತ್ರಗಳ ಜೊತೆ ಬಂದ ಬರೀ ‘ಎಚ್.ಎಂ.ಎಸ್.’ ಪಟ್ಟಿಯೇ ಆ ಕಾಲಕ್ಕೆ ಹೆಚ್ಚು ನಿಜವಾದ ವಸ್ತು. ಅದು ಕಡಿಮೆ ಬೆಲೆಗೆ ಸಿಗುತ್ತದೆ. ಕೈಬಿಡಬೇಡಿ.

ಈಗ ಪರೀಕ್ಷೆ. ಹಳೇ ರೇಷ್ಮೆ ಸೀರೆಯ ಜರಿ ನೋಡಿ ಬೆಳೆದವರಿಗೆ ಇದು ಸುಲಭ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ಅಕ್ಷರದ ಅಂಚು ನೋಡಿ. ಅಸಲಿಯಲ್ಲಿ ಚಪ್ಪಟೆ ಮಾಡಿದ ಲೋಹದ ಎಳೆ ನೂಲಿನ ಸುತ್ತ ಸುರುಳಿಯಾಗಿ ಸುತ್ತಿರುತ್ತದೆ. ಸವೆದ ಮೂಲೆಯಲ್ಲಿ ಲೋಹ ಬಿಟ್ಟುಕೊಂಡು ಒಳಗಿನ ನೂಲು ಇಣುಕುತ್ತದೆ. ಅಜ್ಜಿಯ ಸೀರೆಯ ಸೆರಗಿನ ಜರಿ ಹೇಗೆ ಅಲ್ಲಲ್ಲಿ ಕಂದಿ, ಅಲ್ಲಲ್ಲಿ ಕಪ್ಪಾಗಿ, ಮಡಿಕೆಯ ಗೆರೆಯಲ್ಲಿ ಮಾತ್ರ ಮುರಿದಿರುತ್ತದೋ ಇದೂ ಹಾಗೆಯೇ. ಪ್ಲಾಸ್ಟಿಕ್ ಜರಿಯಾದರೆ ಎಲ್ಲ ಕಡೆ ಒಂದೇ ಸಮನೆ ಹೊಳೆಯುತ್ತದೆ, ಕಪ್ಪಾಗುವುದಿಲ್ಲ. ಅಂಥ ದಾರ ಮಾರುಕಟ್ಟೆಗೆ ಬಂದದ್ದು 1940ರ ದಶಕದ ಕೊನೆಯ ಹೊತ್ತಿಗೆ.

ಪಟ್ಟಿಯನ್ನು ತಿರುಗಿಸಿ. ಸೀರೆಯ ಬಾರ್ಡರಿನ ಹಾಗೆ ಅಕ್ಷರ ಮಗ್ಗದಲ್ಲೇ ಮೂಡಿದ್ದರೆ ಹಿಂಬದಿಯಲ್ಲಿ ಎಳೆಗಳು ಸಾಲಾಗಿ ಹಾದು ಹೋಗಿರುತ್ತವೆ. ಮೆಷಿನ್ ಕಸೂತಿಯಾದರೆ ಸೂಜಿ ತೂತು, ಬಿಗಿದ ಬಿಳಿ ಅಥವಾ ಕಪ್ಪು ಬಾಬಿನ್ ದಾರ, ಕೆಲವೊಮ್ಮೆ ಹಿಂದೆ ಅಂಟಿಸಿದ ಗಟ್ಟಿ ಬಟ್ಟೆ ಕಾಣುತ್ತದೆ. ಅದು ನೆನಪಿನ ಕಾಣಿಕೆಗೆಂದು ಆಮೇಲೆ ಮಾಡಿದ್ದು. ಕೆಲವನ್ನು ಮೋಸಕ್ಕಲ್ಲದೆ ಸ್ಮರಣಾರ್ಥವಾಗಿಯೇ ಮಾಡಿದ್ದಾರೆ, ಎರಡು ಕೈ ದಾಟುವಷ್ಟರಲ್ಲಿ ‘ಅಸಲಿ’ ಆಗಿಬಿಡುತ್ತದೆ.

ರಿಬ್ಬನ್ನಿನ ತುದಿಯಲ್ಲಿ ತಾನಾಗಿಯೇ ಬಿಟ್ಟುಕೊಂಡ ಒಂದು ಎಳೆ ಇದ್ದರೆ, ಮಾರುವವರ ಒಪ್ಪಿಗೆ ಪಡೆದು, ಅರ್ಧ ಸೆಂಟಿಮೀಟರ್ ಕತ್ತರಿಸಿ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ. ನೈಲಾನ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾಯಿತು ಎಂದರೆ ಮುಂದೆ ನೋಡುವುದೇನೂ ಇಲ್ಲ. ಅಸಲಿ ಪಟ್ಟಿಯಿಂದ ಹೊಸದಾಗಿ ಎಳೆ ಕೀಳುವ ಕೆಲಸ ಮಾತ್ರ ಬೇಡ.

365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿಯಿರಿ. ಹೊಲಿಗೆಯ ದಾರ, ಲೇಬಲ್ಲು ನೀಲಿಯಾಗಿ ಬೆಳಗಿದರೆ ಅದರಲ್ಲಿ ಯುದ್ಧದ ನಂತರದ ಬಿಳುಪುಕಾರಕ ರಾಸಾಯನಿಕ ಇದೆ ಎಂದರ್ಥ. ಆದರೆ ಇದೊಂದನ್ನೇ ನಂಬಬೇಡಿ. ಅಸಲಿ ಬಟ್ಟೆಯನ್ನು ಯಾರೋ ಈಚೆಗೆ ಡಿಟರ್ಜೆಂಟಿನಲ್ಲಿ ಒಗೆದಿದ್ದರೂ ಹೀಗೆಯೇ ಬೆಳಗುತ್ತದೆ. ಒಗೆದ ಬಟ್ಟೆ ಇಡಿಯಾಗಿ ಬೆಳಗುತ್ತದೆ. ಹೊಸ ದಾರದಲ್ಲಿ ಹೊಲಿದದ್ದಾದರೆ ದಾರ ಮಾತ್ರ ಗೆರೆಯ ಹಾಗೆ ಎದ್ದು ಕಾಣುತ್ತದೆ.

ಪಟ್ಟಿ ಟೋಪಿಯ ಜೊತೆಯೇ ಬಂದರೆ ಎರಡೂ ಒಟ್ಟಿಗೆ ಹಳತಾದವೇ ಎಂದು ಪರೀಕ್ಷಿಸಿ. ಪಟ್ಟಿಯನ್ನು ಒಂದಿಷ್ಟು ಸರಿಸಿದಾಗ ಅಡಿಯ ಬಟ್ಟೆ ಸುತ್ತಲಿನ ಬಟ್ಟೆಗಿಂತ ಗಾಢವಾಗಿರಬೇಕು. ಗಂಟಿನ ಜಾಗದಲ್ಲಿ ಹಳೇ ಮಡಿಕೆಗಳ ಗುರುತು ಬಿದ್ದಿರಬೇಕು. ಇಸ್ತ್ರಿ ಹಾಕಿದ ಹಾಗೆ ನೆಟ್ಟಗಿರುವ ಪಟ್ಟಿ, ಸವೆದು ಹೋದ ಟೋಪಿ ಎರಡೂ ಒಂದೇ ತಲೆಯ ಮೇಲಿದ್ದವಲ್ಲ. ಹಾಗೆಂದು ಬಳಸದ ಪಟ್ಟಿಯೆಲ್ಲ ನಕಲಲ್ಲ. ಮನೆಗೆಂದು, ಗೆಳತಿಗೆಂದು ಒಂದು ಹೊಸ ಪಟ್ಟಿ ಎತ್ತಿಟ್ಟವರು ಬಹಳ. ಬಳಸಿದ್ದು ಎಂದು ಹೇಳಿ ಬಳಸದ್ದನ್ನು ಮಾರಿದಾಗಲೇ ತಕರಾರು.

ಮತ್ತೊಂದು: ಪಟ್ಟಿ ಕಟ್ಟುತ್ತಿದ್ದವರು ಚೌಕ ಕಾಲರಿನ ಸಮವಸ್ತ್ರದ ನಾವಿಕರು ಮಾತ್ರ. ಅಧಿಕಾರಿ, ಚೀಫ್ ಪೆಟಿ ಆಫೀಸರ್‌ಗಳ ಮುಂಚಾಚಿನ ಟೋಪಿಗೆ, ರಾಯಲ್ ಮರೀನ್‌ಗಳ (ಹಡಗಿನ ಮೇಲಿರುವ ಸೈನಿಕರ) ಟೋಪಿಗೆ ಹಡಗಿನ ಹೆಸರಿನ ಪಟ್ಟಿ ಇರುತ್ತಿರಲಿಲ್ಲ. ಅಂಥ ಟೋಪಿಗೆ ಹುಡ್ ಪಟ್ಟಿ ಸುತ್ತಿ ಮಾರುವುದನ್ನು ಕಂಡರೆ, ಟೋಪಿ ಅಸಲಿ ಇರಬಹುದು, ಪಟ್ಟಿಯೂ ಅಸಲಿ ಇರಬಹುದು, ಜೋಡಿ ಮಾತ್ರ ಖೋಟಾ.

ಜಂಪರ್, ಕಾಲರ್, ಪ್ಯಾಂಟು

ಬಟ್ಟೆಯ ಮೇಲೆ ಹಡಗಿನ ಹೆಸರು ಎಲ್ಲೂ ಇರುವುದಿಲ್ಲ. ಇರುವುದು ಮನುಷ್ಯನ ಹೆಸರು. ಪ್ರತಿ ನಾವಿಕನಿಗೂ ತನ್ನ ಹೆಸರಿನ ಮರದ ಅಚ್ಚು ಇರುತ್ತಿತ್ತು. ಕಡುನೀಲಿ ಬಟ್ಟೆಗೆ ಬಿಳಿ ಬಣ್ಣದಲ್ಲಿ, ಬಿಳಿ ಬಟ್ಟೆಗೆ ಕಪ್ಪು ಬಣ್ಣದಲ್ಲಿ ಒತ್ತುತ್ತಿದ್ದ. ಜಂಪರಿನ (ನಾವಿಕನ ಮೇಲಂಗಿಯ) ಒಳಮಗ್ಗುಲು, ಕಾಲರಿನ ಹಿಂಬದಿ, ಪ್ಯಾಂಟಿನ ಸೊಂಟಪಟ್ಟಿ ನೋಡಿ. ಹಳೇ ಬಣ್ಣ ನೂಲಿನೊಳಗೆ ಇಳಿದು, ಬಟ್ಟೆ ಮಡಚಿದ ಕಡೆ ಬಿರುಕು ಬಿಟ್ಟಿರುತ್ತದೆ. ನೂಲಿನ ಮೇಲೆ ತೇಲಿದಂತೆ ಕೂತ, ಬಿರುಕಿಲ್ಲದ ಬಣ್ಣ ಕಂಡರೆ ಅನುಮಾನ ಪಡಿ.

ಹೆಸರಿನ ಜೊತೆ ಸಂಖ್ಯೆ ಸಿಕ್ಕರೆ ಬಂಗಾರ. ಜೆ ಎಂದರೆ ಡೆಕ್ಕಿನ ನಾವಿಕರು, ಕೆ ಎಂದರೆ ಬಾಯ್ಲರಿಗೆ ಕಲ್ಲಿದ್ದಲು, ಎಣ್ಣೆ ಉಣಿಸುವ ಸ್ಟೋಕರ್‌ಗಳು. 1925ರ ನಂತರ ಸೇರಿದವರ ಅಕ್ಷರದ ಮುಂದೆ ಎಕ್ಸ್ ಬರುತ್ತದೆ: ಜೆಎಕ್ಸ್, ಕೆಎಕ್ಸ್. ಅದರ ಹಿಂದೆ ಪಿ ಇದ್ದರೆ ಪೋರ್ಟ್ಸ್‌ಮತ್, ಡಿ ಇದ್ದರೆ ಡೆವನ್‌ಪೋರ್ಟ್, ಸಿ ಇದ್ದರೆ ಚ್ಯಾಟಮ್ ವಿಭಾಗ. 1929ರಿಂದ 1931ರವರೆಗಿನ ದೊಡ್ಡ ರಿಪೇರಿಯ ನಂತರ ಹುಡ್‌ಗೆ ಪೋರ್ಟ್ಸ್‌ಮತ್ ವಿಭಾಗದ ಜನ. ಹಾಗಾಗಿ 1930ರ ದಶಕದ ಹುಡ್ ನಾವಿಕನ ಬಟ್ಟೆ ಎಂದು ಕೊಡುವಾಗ ಸಿ ಅಕ್ಷರ ಕಂಡರೆ, ಸುಳ್ಳೇ ಎಂದಲ್ಲ, ಸೇವಾ ದಾಖಲೆ ನೋಡದೆ ಒಪ್ಪಬೇಡಿ.

ತೋಳಿನ ಚಿಹ್ನೆಗಳೂ ಮಾತಾಡುತ್ತವೆ. ಎಡತೋಳಿನಲ್ಲಿ ದರ್ಜೆಯ ಲಂಗರು, ಅದರ ಕೆಳಗೆ ಸದ್ವರ್ತನೆಯ ಪಟ್ಟೆಗಳು: 3 ವರ್ಷಕ್ಕೆ ಒಂದು, 8ಕ್ಕೆ ಎರಡು, 13ಕ್ಕೆ ಮೂರು. ಬಲತೋಳಿನಲ್ಲಿ ಕಸುಬಿನ ಚಿಹ್ನೆ. ದಿನದ ಬಟ್ಟೆಗೆ ಕೆಂಪು ಉಣ್ಣೆಯವು, ಒಳ್ಳೇ ಬಟ್ಟೆಗೆ ಜರಿಯವು, ಬಿಳಿ ಬಟ್ಟೆಗೆ ನೀಲಿಯವು. ಸೇವಾ ದಾಖಲೆಯಲ್ಲಿ ಐದೇ ವರ್ಷ ಆಗಿರುವವನ ಜಂಪರಿನಲ್ಲಿ ಮೂರು ಪಟ್ಟೆ ಇದ್ದರೆ ಯಾರೋ ಆಮೇಲೆ ಹೊಲಿದಿದ್ದಾರೆ. ಚಿಹ್ನೆಯ ಸುತ್ತ ಹಳೇ ಸೂಜಿತೂತುಗಳ ಇನ್ನೊಂದು ಸಾಲು ಕಂಡರೆ ಅದನ್ನು ಕೆಡುಕೆಂದು ತಿಳಿಯಬೇಡಿ, ಬಡ್ತಿ ಬಂದಾಗ ಬಿಚ್ಚಿ ಹೊಲಿದ ಗುರುತೂ ಆಗಿರಬಹುದು. ತೂತುಗಳ ಆಕಾರ ಕಡಿಮೆ ದರ್ಜೆಯ ಚಿಹ್ನೆಗೆ ಹೊಂದುತ್ತದೆಯೇ ನೋಡಿ.

ಜಂಪರಿನ ಎದುರಿಗೆ ಜಿಪ್ ಇದ್ದರೆ ಅದು 1950ರ ದಶಕದ ಮೇಲಿನದು. ಪ್ಯಾಂಟಿಗೆ ಅಡ್ಡಡ್ಡ ಮಡಿಕೆ ಇದ್ದರೆ ಇಸ್ತ್ರಿ ತಾಗಿಸಬೇಡಿ. ಒಳಹೊರಗು ಮಾಡಿ, ಪದರಪದರವಾಗಿ ಮಡಚಿ ಲಾಕರಿನಲ್ಲಿಡುತ್ತಿದ್ದ ಪದ್ಧತಿಯ ಗುರುತು ಅದು. ಕಾಲರಿನ ಮೂರು ಬಿಳಿ ಗೆರೆಗಳು ನೆಲ್ಸನ್ನನ ಮೂರು ಗೆಲುವುಗಳಿಗಾಗಿ, ಕಪ್ಪು ರೇಷ್ಮೆ ವಸ್ತ್ರ ಅವನ ಸಾವಿನ ಶೋಕಕ್ಕಾಗಿ ಎಂಬುದು ಕಟ್ಟುಕತೆ. ಮಾರುವವರು ಅದನ್ನು ಭಕ್ತಿಯಿಂದ ಹೇಳಿದರೆ ಬೇರೆ ಮಾತುಗಳನ್ನೂ ಅಳೆದು ತೂಗಿ ಕೇಳಿ.

ಗುಂಡಿ ಮತ್ತು ಅಧಿಕಾರಿಗಳ ಕೋಟು

ಗುಂಡಿಯಲ್ಲಿ ನೋಡಬೇಕಾದದ್ದು ಲಂಗರಿನ ಮೇಲಿನ ಕಿರೀಟ. ಹುಡ್‌ನ 21 ವರ್ಷವೂ ಸಿಂಹಾಸನದಲ್ಲಿದ್ದವರು ರಾಜರು, ಆದ್ದರಿಂದ ಕಮಾನು ಗುಂಡಗೆ ಉಬ್ಬಿದ ಟ್ಯೂಡರ್ ಕಿರೀಟವೇ ಇರಬೇಕು. ಕಮಾನು ನಡುವೆ ಕುಸಿದಂತಿರುವ ರಾಣಿಯ ಕಿರೀಟವಿದ್ದರೆ 1950ರ ದಶಕದ ನಂತರದ್ದು. ಈ ಒಂದು ಪರೀಕ್ಷೆ ಬಹಳ ಕಾಲ ಸಾಕಾಗುತ್ತಿತ್ತು. ಈಗ ಸಾಲದು, ಏಕೆಂದರೆ ಮೂರನೇ ಚಾರ್ಲ್ಸ್ 2022ರಲ್ಲಿ ಟ್ಯೂಡರ್ ಕಿರೀಟವನ್ನೇ ಮತ್ತೆ ಆರಿಸಿಕೊಂಡರು. ಈಚಿನ ಹೊಸ ಗುಂಡಿಗಳೂ ಮೇಲ್ನೋಟಕ್ಕೆ ಹಳೆಯವುಗಳ ಹಾಗೆಯೇ ಕಾಣುತ್ತವೆ.

ಅದಕ್ಕೇ ಗುಂಡಿಯ ಬೆನ್ನು ನೋಡಿ. ತಯಾರಕರ ಹೆಸರು ಅಲ್ಲಿರುತ್ತದೆ. ‘ಗೀವ್ಸ್ ಅಂಡ್ ಹಾಕ್ಸ್’ ಎಂದಿದ್ದರೆ ಆ ಎರಡು ಕಂಪನಿ ಕೂಡಿದ್ದು 1974ರಲ್ಲಿ, ಹುಡ್ ಮುಳುಗಿ 33 ವರ್ಷದ ಮೇಲೆ. ಹಿತ್ತಾಳೆಗೆ ಚಿನ್ನದ ನೀರು ಹಾಕಿದ ಹಳೇ ಗುಂಡಿ ಅಂಗೈಯಲ್ಲಿ ತೂಕವಾಗಿ ಕೂರುತ್ತದೆ. ಯುದ್ಧದ ನಂತರ ಬಂದ ಅಲ್ಯುಮಿನಿಯಂ ಗುಂಡಿ ಹಗುರ, ಸವೆಯದೆ ಒಂದೇ ಸಮ ಹೊಳೆಯುತ್ತದೆ.

ಅಧಿಕಾರಿಯ ಕೋಟಿನ ಒಳಜೇಬಿನಲ್ಲಿ ದರ್ಜಿಯ ಲೇಬಲ್ ಹುಡುಕಿ. ಶಾಯಿಯಲ್ಲಿ ಹೆಸರು, ತಾರೀಕು ಬರೆದಿರುವುದುಂಟು. ಆ ಹೆಸರನ್ನು ನೌಕಾಪಡೆಯ ಅಧಿಕಾರಿಗಳ ಪಟ್ಟಿಯಾದ ಆ ವರ್ಷದ ‘ನೇವಿ ಲಿಸ್ಟ್’ನಲ್ಲಿ ನೋಡಿದರೆ ಅಧಿಕಾರಿ ಯಾವ ಹಡಗಿನಲ್ಲಿದ್ದ ಎಂದು ತಿಳಿಯುತ್ತದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಲವು ವರ್ಷಗಳ ಪಟ್ಟಿಗಳನ್ನು ಉಚಿತವಾಗಿ ಓದಲು ಇಟ್ಟಿದೆ. ತೋಳಿನ ಚಿನ್ನದ ಪಟ್ಟೆಗಳ ನಡುವೆ ನೇರಳೆ ಬಟ್ಟೆ ಇದ್ದರೆ ಎಂಜಿನಿಯರ್, ಬಿಳಿ ಇದ್ದರೆ ಲೆಕ್ಕಪತ್ರದವ, ಕೆಂಪು ಇದ್ದರೆ ವೈದ್ಯ. ಲೇಬಲ್ಲಿನ ಹೆಸರು ವೈದ್ಯನದ್ದು, ತೋಳು ಎಂಜಿನಿಯರನದ್ದು ಆಗಿದ್ದರೆ ಎರಡು ಕೋಟು ಸೇರಿ ಒಂದಾಗಿದೆ ಎಂದು ಅರ್ಥ.

ಹಣ ಕೊಡುವ ಹೊತ್ತು

ಬರಹದಲ್ಲಿ ಕೇಳಬೇಕಾದವು: ಇದು ಯಾರದ್ದು, ನಿಮಗೆ ಯಾರಿಂದ ಬಂತು, ಯಾವಾಗ, ಜೊತೆಗಿದ್ದ ಬೇರೆ ವಸ್ತುಗಳು ಎಲ್ಲಿ ಹೋದವು, ನಕಲು ಎಂದು ತಿಳಿದರೆ ಹಣ ವಾಪಸ್ ಕೊಡುತ್ತೀರಾ. ನಾಲ್ಕನೆಯ ಪ್ರಶ್ನೆಯನ್ನು ಬಿಡಬೇಡಿ. ಒಬ್ಬ ನಾವಿಕನ ಪದಕ, ಪ್ರಮಾಣಪತ್ರ, ಪಟ್ಟಿ, ಫೋಟೋಗಳನ್ನು ಬಿಡಿಬಿಡಿಯಾಗಿ ಮಾರಿದರೆ ಲಾಭ ಜಾಸ್ತಿ ಎಂದು ವ್ಯಾಪಾರಿಗಳು ಒಡೆಯುತ್ತಾರೆ. ಒಡೆದ ಮೇಲೆ ಆ ಮನುಷ್ಯನ ಗುರುತು ಸಿಗುವುದಿಲ್ಲ. ಇಡೀ ಗಂಟನ್ನು ಕೊಳ್ಳುವ ಶಕ್ತಿ ಇಲ್ಲದಿದ್ದರೆ, ಒಂದು ಪಟ್ಟಿ ಮಾತ್ರ ಬೇಕೆಂದು ಒಡೆಸಬೇಡಿ, ಕೈಬಿಡಿ. ಇದು ನಮ್ಮ ಗಟ್ಟಿ ಅಭಿಪ್ರಾಯ.

ಭಾರತಕ್ಕೆ ತರಿಸುವವರು ಒಂದು ವಿಷಯ ಗಮನಿಸಿ. ಬಳಸಿದ ಬಟ್ಟೆಯ ಆಮದಿಗೆ ನಮ್ಮಲ್ಲಿ ನಿರ್ಬಂಧವಿದೆ. ಪಾರ್ಸೆಲ್ ಮೇಲೆ ‘ಹಳೇ ಬಟ್ಟೆ’ ಎಂದು ಬರೆದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಐತಿಹಾಸಿಕ ಸಂಗ್ರಹದ ವಸ್ತು ಎಂದು ವಿವರ, ತಾರೀಕು, ನಿಜವಾದ ಬೆಲೆ, ಫೋಟೋ ಸಹಿತ ಇನ್‌ವಾಯ್ಸ್ ಹಾಕಿಸಿ, ಕಳಿಸುವ ಮುನ್ನವೇ ಕಸ್ಟಮ್ಸ್ ಏಜೆಂಟರನ್ನು ವಿಚಾರಿಸಿ. ಬೆಲೆ ಕಡಿಮೆ ತೋರಿಸುವ ಸಲಹೆಗೆ ಕಿವಿಗೊಡಬೇಡಿ, ಕಳೆದುಹೋದಾಗ ವಿಮೆಯೂ ಅಷ್ಟೇ ಬರುತ್ತದೆ. 1920ರ ಆಸುಪಾಸಿನ ವಸ್ತುಗಳಿಗೆ ಈಗ ನೂರು ವರ್ಷ ದಾಟಿದೆ. ಅಂಥದ್ದನ್ನು ಇಲ್ಲಿಂದ ಮತ್ತೆ ಹೊರದೇಶಕ್ಕೆ ಕಳಿಸಬೇಕಾದರೆ ಅದು ಪುರಾವಸ್ತುವೇ ಅಲ್ಲವೇ ಎಂದು ಮೊದಲು ಭಾರತೀಯ ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸಿ.

ಮನೆಗೆ ಬಂದ ಮೇಲೆ

ಪಾರ್ಸೆಲ್ ತೆರೆದ ಕೂಡಲೇ ಬೀರುವಿಗೆ ಸೇರಿಸಬೇಡಿ. ಉಣ್ಣೆ ಬಟ್ಟೆಯಲ್ಲಿ ನುಸಿಯ ಮೊಟ್ಟೆ ಇದ್ದರೆ ಮನೆಯ ಸೀರೆ, ಶಾಲುಗಳಿಗೂ ಹತ್ತುತ್ತದೆ. ಬಟ್ಟೆಯನ್ನು ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ತೆಗೆದು ಬಾಯಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಬಟ್ಟೆಯ ಮೇಲೆ ನೀರಾಗಿ ಕೂತು ಜರಿ ಕಪ್ಪಾಗುತ್ತದೆ. ಚರ್ಮದ ಮುಂಚಾಚು, ಬಣ್ಣ ಬಳಿದ ಭಾಗ ಇರುವ ಟೋಪಿಯನ್ನು ಫ್ರೀಜರಿಗೆ ಹಾಕಬೇಡಿ.

ಒಗೆಯುವುದಂತೂ ಬೇಡವೇ ಬೇಡ. ಕೆಂಪು ಚಿಹ್ನೆಯ ಬಣ್ಣ ಬಿಡುತ್ತದೆ, ಹೆಸರಿನ ಅಚ್ಚು ಉದುರುತ್ತದೆ, ಹಳೇ ರೇಷ್ಮೆ ನೀರಿನ ಭಾರಕ್ಕೇ ಹರಿಯುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ಸರಿಸಿ, ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಅತಿ ಕಡಿಮೆ ವೇಗದಲ್ಲಿ ಎಳೆದುಕೊಂಡರೆ ಸಾಕು. ಗುಂಡಿಗೂ ಜರಿಗೂ ಹಿತ್ತಾಳೆ ಪಾಲಿಶ್ ಹಚ್ಚಬೇಡಿ. ಮೇಲಿನ ಚಿನ್ನದ ಪದರ ಕೂದಲಿಗಿಂತ ಎಷ್ಟೋ ಪಾಲು ತೆಳು. ಒಂದು ಸಲ ಉಜ್ಜಿದರೆ ಹೊಳಪು ಬರುತ್ತದೆ, ಹತ್ತು ಸಲಕ್ಕೆ ಬರೀ ಹಿತ್ತಾಳೆ ಉಳಿಯುತ್ತದೆ.

ಮಂಗಳೂರು, ಉಡುಪಿ, ಕಾರವಾರದವರಿಗೆ ಮಳೆಗಾಲವೇ ದೊಡ್ಡ ಶತ್ರು. ಗಾಳಿಯ ತೇವಾಂಶ ಶೇ 65 ದಾಟಿದರೆ ಬೂಷ್ಟು ಹಿಡಿಯುತ್ತದೆ, ಜೂನ್-ಜುಲೈಯಲ್ಲಿ ಅಲ್ಲಿ ಶೇ 85 ದಾಟುವುದು ಮಾಮೂಲು. ಮನೆಯನ್ನು ಒಣಗಿಸಲಾಗದು, ಪೆಟ್ಟಿಗೆಯನ್ನು ಒಣಗಿಸಬಹುದು. ರಬ್ಬರ್ ಅಂಚಿನ ಬಿಗಿ ಮುಚ್ಚಳದ 20 ಲೀಟರ್ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಒಂದು ಚಿಕ್ಕ ಡಿಜಿಟಲ್ ತೇವಮಾಪಕ, ತೆಳು ಬಟ್ಟೆಯ ಚೀಲದಲ್ಲಿ ಸುಮಾರು 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಕಿತ್ತಳೆ ಹೋಗಿ ಹಸಿರಾದಾಗ ಅದನ್ನು ಒವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಒಣಗಿಸಿ ಮತ್ತೆ ಬಳಸಿ. ಮಾಪಕ ಶೇ 45ರಿಂದ 55ರ ನಡುವೆ ನಿಂತರೆ ಸರಿ. 40ಕ್ಕಿಂತ ಕೆಳಗಿಳಿದರೆ ಅರ್ಧ ಜೆಲ್ ತೆಗೆಯಿರಿ, ಒಣಗಿದ ರೇಷ್ಮೆ ಹಪ್ಪಳದ ಹಾಗೆ ಮುರಿಯುತ್ತದೆ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ವಿಷ ಇರುವುದರಿಂದ ಬೇಡ.

ನುಸಿಗುಳಿಗೆಯೂ ಬೇಡ, ಅದರ ಆವಿ ಹಳೇ ಪ್ಲಾಸ್ಟಿಕ್ ಗುಂಡಿಗಳನ್ನು ಮೆತ್ತಗಾಗಿಸುತ್ತದೆ, ನಿಮ್ಮ ಶ್ವಾಸಕ್ಕೂ ಒಳ್ಳೆಯದಲ್ಲ. ಬೇವಿನೆಲೆ ನೇರವಾಗಿ ತಾಗಿದರೆ ಕಲೆ ಬೀಳುತ್ತದೆ. ಮೆತ್ತನೆ ಪಿವಿಸಿ ಕವರುಗಳಿಂದ ಆಮ್ಲ ಹೊರಬಂದು ಹಿತ್ತಾಳೆ ಗುಂಡಿಗೆ ಹಸಿರು ಕಿಲುಬು ಬರುತ್ತದೆ. ಪ್ಲೈವುಡ್ ಕಪಾಟಿನ ಆವಿಯೂ ಹಾಗೆಯೇ, ಹಳೇ ಕಬ್ಬಿಣದ ಬೀರು ಎಷ್ಟೋ ವಾಸಿ. ಜರಿಯ ಚಿಹ್ನೆಗಳು ಉಣ್ಣೆಗೆ ತಾಗದಂತೆ ನಡುವೆ ಟಿಶ್ಯೂ ಹಾಕಿ. ಉಣ್ಣೆಯಲ್ಲಿರುವ ಗಂಧಕವೇ ಜರಿಯನ್ನು ಕಪ್ಪಾಗಿಸುವುದು.

ಟೋಪಿಪಟ್ಟಿಯನ್ನು ಮಡಚಬೇಡಿ. 5-7 ಸೆಂಟಿಮೀಟರ್ ವ್ಯಾಸದ ಕೊಳವೆಗೆ ಟಿಶ್ಯೂ ಸುತ್ತಿ, ಅದರ ಮೇಲೆ ಅಕ್ಷರ ಹೊರಮುಖವಾಗಿ ಬರುವಂತೆ ಸಡಿಲವಾಗಿ ಸುತ್ತಿ, ಹತ್ತಿಯ ಲಾಡಿಯಲ್ಲಿ ಕಟ್ಟಿ. ಅಕ್ಷರ ಒಳಮುಖವಾದರೆ ಲೋಹದ ಎಳೆ ಸುಕ್ಕಾಗಿ ಮುರಿಯುತ್ತದೆ. ಚೌಕಟ್ಟು ಹಾಕಿಸುವುದಾದರೆ ಕೆಲಸದವರ ಪಕ್ಕದಲ್ಲೇ ನಿಲ್ಲಿ. ಅಂಟು ಹಚ್ಚಿ ಒತ್ತಿಬಿಟ್ಟರೆ ಬಿಡಿಸಲಾಗದು. ಹತ್ತಿ ಬಟ್ಟೆ ಹೊದಿಸಿದ ಹಲಗೆಯ ಮೇಲೆ ಪಟ್ಟಿಯಿಟ್ಟು, ಪಟ್ಟಿಗೆ ಸೂಜಿ ತಾಗದಂತೆ ಅಡ್ಡಲಾಗಿ ಸಣ್ಣ ರೇಷ್ಮೆ ಪಟ್ಟಿಗಳನ್ನು ಹೊಲಿಸಿ. ಗಾಜು ಬಟ್ಟೆಗೆ ತಾಗಕೂಡದು. ವರ್ಷಕ್ಕೆ ಮೂರು ತಿಂಗಳು ಗೋಡೆಯ ಮೇಲೆ, ಉಳಿದದ್ದು ಕತ್ತಲಲ್ಲಿ.

ನಮ್ಮ ಮನೆಗಳ ಹತ್ತಿರದ ಮಾತು

ಈ ಕ್ರಮವೇ ನಮ್ಮ ನೌಕಾಪಡೆಯ ವಸ್ತುಗಳಿಗೂ ಹೊಂದುತ್ತದೆ, ಆದರೆ ಅಲ್ಲಿ ಇನ್ನಷ್ಟು ಮೃದುವಾಗಿ ನಡೆಯಬೇಕು. ಐಎನ್‌ಎಸ್ ಖುಕ್ರಿ 1971ರ ಡಿಸೆಂಬರ್ 9ರಂದು ದೀವ್ ಸಮೀಪ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರ ನಾಥ್ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಮುಳುಗಿದರು. ಆ ಮನೆಗಳಲ್ಲಿ ಟ್ರಂಕು ಇನ್ನೂ ಇದೆ, ಕಾಯ್ದಿಟ್ಟವರು ಇನ್ನೂ ಇದ್ದಾರೆ. ಮಾರುತ್ತೀರಾ ಎಂದು ಬಾಗಿಲು ತಟ್ಟುವ ಹಕ್ಕು ಸಂಗ್ರಾಹಕನಿಗಿಲ್ಲ. ಅವರಾಗಿ ಕೇಳಿದರೆ ಬಟ್ಟೆ ಕಾಯುವ ಬಗೆ ಹೇಳಿಕೊಡಿ, ಫೋಟೋ ತೆಗೆದು ಕೊಡಿ. ಇನ್ನು, ನಮ್ಮ ಪಡೆಯ ಸಮವಸ್ತ್ರವನ್ನು ಸೈನಿಕನೆಂದು ನಂಬಿಸುವಂತೆ ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಇಟ್ಟುಕೊಳ್ಳುವುದು ಬೇರೆ, ತೊಟ್ಟು ಓಡಾಡುವುದು ಬೇರೆ.

ದಾಖಲೆ ಕಾರ್ಡು

ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡಿ: ಕೊಂಡ ವರ್ಷ, ಅದರ ಮುಂದೆ ಕ್ರಮಾಂಕ. ಹತ್ತಿಯ ಲಾಡಿಯ ತುಂಡಿನ ಮೇಲೆ ಅಳಿಯದ ಶಾಯಿಯಲ್ಲಿ ಬರೆದು, ಬಟ್ಟೆಯ ಹೊಲಿಗೆಯ ಸಂದಿಗೆ ಎರಡು ಸಡಿಲ ಹೊಲಿಗೆ ಹಾಕಿ. ಕಾರ್ಡಿನಲ್ಲಿ ನಾವಿಕನ ಹೆಸರು, ಸಂಖ್ಯೆ, ಹುಡ್ ಸೇರಿದ ದಿನ, ಬಿಟ್ಟ ದಿನ, ಅದನ್ನು ಯಾವ ದಾಖಲೆಯಲ್ಲಿ ನೋಡಿದಿರಿ, ಯಾರಿಂದ ಕೊಂಡಿರಿ, ಎಷ್ಟು ಕೊಟ್ಟಿರಿ, ಯಾವ ಪರೀಕ್ಷೆ ಮಾಡಿದಿರಿ, ಏನು ಕಂಡಿತು. ಗೊತ್ತಾದದ್ದನ್ನು ಶಾಯಿಯಲ್ಲಿ, ಊಹೆಯನ್ನು ಪೆನ್ಸಿಲಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಮುಂಭಾಗ, ಹಿಂಭಾಗ, ಒಳಭಾಗ, ಹೆಸರಿನ ಅಚ್ಚು, ಹಾಳಾದ ಜಾಗ, ಹೀಗೆ ಐದು ಫೋಟೋ, ಪ್ರತಿಯೊಂದರಲ್ಲೂ ಪಕ್ಕಕ್ಕೊಂದು ಅಳತೆಪಟ್ಟಿ. ಆ ಮನುಷ್ಯ 1941ರ ಮೇ 24ರಂದು ಹಡಗಿನಲ್ಲೇ ಇದ್ದವನಾದರೆ, ಎಚ್‌ಎಂಎಸ್ ಹುಡ್ ಅಸೋಸಿಯೇಷನ್ ಇಟ್ಟಿರುವ ಮೃತರ ಪಟ್ಟಿಯಲ್ಲಿ ಅವನ ಹೆಸರು ನೋಡಿ, ನಿಮ್ಮಲ್ಲಿರುವ ವಸ್ತುವಿನ ಫೋಟೋ ಅವರಿಗೆ ಕಳಿಸಿ. ಎಷ್ಟೋ ಮನೆಗಳಲ್ಲಿ ಅವನ ಒಂದು ಚಿತ್ರವೂ ಇಲ್ಲ. ಕಾರ್ಡಿನ ಎರಡನೇ ಪ್ರತಿ ಬಟ್ಟೆ ಇರುವ ಕೋಣೆಯಲ್ಲಿ ಬೇಡ, ಬೇರೆ ಮನೆಯಲ್ಲಿಡಿ.